ಕನ್ನಿಮೂಲೆ ಇಲ್ಲದ ಮನೆ

ಚಪ್ಪರದ ದುಗ್ಗಣ್ಣ ಎಂದರೆ ಕತಾರಿನಲ್ಲಿದ್ದ ನಮ್ಮ ಕರಾವಳಿಯವರಿಗೆ ಬೇರೆ ಗುರುತು ಬೇಕಾಗಿರಲಿಲ್ಲ. ಕಾರ್ಕಳದ ಕಡೆಯ ಮನುಷ್ಯ. ಊರಲ್ಲಿದ್ದಾಗ ಮದುವೆ, ಭೂತದ ಕೋಲ, ಗೃಹಪ್ರವೇಶ ಯಾವುದಿದ್ದರೂ ಬಿದಿರು ಹೊತ್ತುಕೊಂಡು ಹೋಗಿ ಚಪ್ಪರ ಹಾಕುತ್ತಿದ್ದ. ಅವನ ಕೈಕೆಲಸ ನೋಡಿ ಯಾರೋ ಪುಣ್ಯಾತ್ಮ ವೀಸಾ ಕೊಡಿಸಿದ. ಅಲ್ ರಯ್ಯಾನಿನಿಂದಾಚೆ, ಮರಳುಗಾಡಿನ ಅಂಚಿನಲ್ಲಿ ಒಬ್ಬ ಕತಾರಿ ಧಣಿಯ ತೋಟ ಇತ್ತು. ಅಲ್ಲಿ ಡೇರೆಗಳ ಮೇಸ್ತ್ರಿಯಾಗಿ ಸೇರಿದವನು ಅಲ್ಲೇ ಬೇರುಬಿಟ್ಟ. ಚಳಿಗಾಲ ಬಂತೆಂದರೆ ಅಲ್ಲಿನ ದೊಡ್ಡವರಿಗೆ ಬಂಗಲೆ ಬಿಟ್ಟು ಮರಳಿನಲ್ಲಿ ಡೇರೆ ಹೊಡೆದು ಕೂರುವ ಹುಚ್ಚು. ಆ ಹುಚ್ಚು ಇದ್ದದ್ದರಿಂದಲೇ ಅಲ್ಲವೇ ದುಗ್ಗಣ್ಣನಂಥವರ ಮನೆಯಲ್ಲಿ ಒಲೆ ಉರಿದದ್ದು, ಬೈಯುವ ಹಾಗಿಲ್ಲ.

ಕೆಲಸದಲ್ಲಿ ಅವನದೊಂದು ಹಟ ಇತ್ತು. ಊರಲ್ಲಿ ಚಪ್ಪರ ಹಾಕುವಾಗ ಮೊದಲ ಕಂಬ ಕನ್ನಿಮೂಲೆಗೆ, ಎಂದರೆ ನೈಋತ್ಯದ ಮೂಲೆಗೆ, ಬೀಳಬೇಕು. ಅಲ್ಲಿ ಕಂಬ ನೆಟ್ಟು, ಕೈಮುಗಿದು, ಆಮೇಲೆಯೇ ಬೇರೆ ಮೂಲೆಯ ಮಾತು. ಕತಾರಿನ ಮರಳಿನಲ್ಲೂ ಅವನು ಆ ಪದ್ಧತಿ ಬಿಡಲಿಲ್ಲ. ಧಣಿಯ ಡೇರೆ ಎಷ್ಟೇ ದೊಡ್ಡದಿರಲಿ, ಮೊದಲ ಗೂಟ ಕನ್ನಿಮೂಲೆಗೆ. ಅವನ ಜತೆ ಕೆಲಸಕ್ಕಿದ್ದ ಉಳ್ಳಾಲದ ಬ್ಯಾರಿ ಝುಬೈರ್ ಇದನ್ನು ನೋಡಿ ನಗುತ್ತಿದ್ದ. ನಗುತ್ತಿದ್ದ ಅಷ್ಟೇ, ಅವನೂ ತನ್ನ ಮನೆ ಕಟ್ಟಿಸುವಾಗ ಆಚಾರಿ ಕನ್ನಿಮೂಲೆಗೇ ಮೊದಲ ಕಲ್ಲು ಇಟ್ಟದ್ದನ್ನು ಕಂಡವನೇ.

ಜತೆಯವರ ಎದುರು ದುಗ್ಗಣ್ಣ ಹುಲಿ. ಹಗ್ಗ ಸಡಿಲ ಕಟ್ಟಿದವನ ಅಜ್ಜ ಮುತ್ತಜ್ಜನನ್ನೂ ಬಿಡುತ್ತಿರಲಿಲ್ಲ. ಆದರೆ ಅರಬಾಬನ, ಅಂದರೆ ಧಣಿಯ, ಲ್ಯಾಂಡ್ ಕ್ರೂಸರ್ ಗೇಟಿನೊಳಗೆ ಬಂದದ್ದೇ ತಡ, ಬಾಯಿ ಕಟ್ಟಿಹೋಗುತ್ತಿತ್ತು. ಏನಿದ್ದರೂ ಆಫೀಸಿನ ರೊನಾಲ್ಡ್ ಮೂಲಕ. ರೊನಾಲ್ಡ್ ಮಂಗಳೂರು ಬಿಜೈಯವನು, ಧಣಿಯ ತೋಟ, ಕ್ಯಾಂಪು, ಆಳುಗಳ ಕಾಗದಪತ್ರ ಎಲ್ಲ ನೋಡಿಕೊಳ್ಳುವವನು, ಅರಬಿ ಅರಳು ಹುರಿದಂತೆ ಮಾತಾಡುವವನು. ನಮ್ಮವನು. ನಮ್ಮವನೊಬ್ಬ ಆಫೀಸಿನಲ್ಲಿದ್ದಾನೆ ಎಂದರೆ ನಮ್ಮ ಜನ ಧಣಿಯ ಮುಖ ನೋಡುವುದನ್ನೇ ಬಿಟ್ಟುಬಿಡುತ್ತಾರೆ. ಅದು ನಮ್ಮ ಅಭ್ಯಾಸ, ಏನು ಮಾಡುವುದು.

ಈಗ ಹೇಳಬೇಕಾದದ್ದು ಅವನ ಮಗನ ವಿಷಯ. ಸುಶಾಂತ್ ಒಬ್ಬನೇ ಮಗ. ಕಾರ್ಕಳದ ಬಸ್‌ಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿ ಅಂಗಡಿಯಲ್ಲಿದ್ದ. ಚುರುಕು ಹುಡುಗ, ಅಪ್ಪನ ಹಾಗೆ ಸಿಡುಕನಲ್ಲ. ಅವನ ಮುಖ ಬಾತುಕೊಳ್ಳುತ್ತದೆ, ಕಾಲು ಬಾತುಕೊಳ್ಳುತ್ತದೆ ಎಂದು ಡಾಕ್ಟರ ಹತ್ತಿರ ಹೋದರೆ, ಎರಡೂ ಕಿಡ್ನಿ ಹೋಗಿವೆ ಎಂದರು. ತಾಯಿ ಚೆನ್ನು ತನ್ನದನ್ನು ಕೊಡುತ್ತೇನೆ ಎಂದು ಅತ್ತಳು, ಅವಳಿಗೆ ಸಕ್ಕರೆ ಕಾಯಿಲೆ, ಆಗುವುದಿಲ್ಲ ಎಂದರು. ರಜೆಯಲ್ಲಿ ಊರಿಗೆ ಬಂದ ದುಗ್ಗಣ್ಣ ಪರೀಕ್ಷೆ ಮಾಡಿಸಿಕೊಂಡ. ಹೊಂದಿತು. ಆ ದಿನ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಅವನು ಮಗನಿಗೆ ಗೋಳಿಬಜೆ ತಿನ್ನಿಸಲು ಹೋಗಿ ನರ್ಸಿನಿಂದ ಬೈಸಿಕೊಂಡ, ಅಷ್ಟು ಖುಷಿ. ಸುಶಾಂತನಿಗೆ ತಮಾಷೆ. "ಅಪ್ಪಾ, ನಿಮ್ಮ ಕಿಡ್ನಿ ಹಾಕಿದ ಮೇಲೆ ನಾನೂ ಸಿಕ್ಕಸಿಕ್ಕವರಿಗೆಲ್ಲ ಬೈಲಿಕ್ಕೆ ಶುರು ಮಾಡಿದ್ರೆ ಎಂತ ಮಾಡುದು?" ಎಂದು ಕೇಳಿದ.

ಆಪರೇಶನ್ನಿಗೆ ಮೇಲಿನವರ ಒಪ್ಪಿಗೆ ಬರಬೇಕು, ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ ಎಂದರು. ರಜೆ ಮುಗಿಯಿತು. ಒಪ್ಪಿಗೆ ಬಂದ ಕೂಡಲೇ ಒಂದು ಫೋನು ಮಾಡಿ, ಸಿಕ್ಕಿದ ವಿಮಾನ ಹತ್ತಿ ಬಂದು ಮಲಗುತ್ತೇನೆ ಎಂದು ಹೇಳಿ ದುಗ್ಗಣ್ಣ ಕತಾರಿಗೆ ವಾಪಸಾದ. ಅಲ್ಲಿಯ ತನಕ ಡಯಾಲಿಸಿಸ್. ಕೈಯ ನರ ಸರಿಯಾಗದೆ ಹುಡುಗನ ಕುತ್ತಿಗೆಗೆ ನಳಿಗೆ ಹಾಕಿದ್ದರು.

ಫೋನು ಬಂದದ್ದು 2007ರ ಡಿಸೆಂಬರಿನ ಒಂದು ಶನಿವಾರ. ಒಪ್ಪಿಗೆ ಸಿಕ್ಕಿದೆ, ಅಪ್ಪ ಬಂದು ಸೇರಿದ ಕೂಡಲೇ ಮಾಡುತ್ತೇವೆ, ತಡ ಮಾಡಬೇಡಿ, ಕುತ್ತಿಗೆಯ ನಳಿಗೆ ಬಹಳ ದಿನ ಇಡುವಂಥದ್ದಲ್ಲ, ನಂಜಾದರೆ ಕಷ್ಟ ಎಂದು ಡಾಕ್ಟರು ಹೇಳಿದ್ದಾರೆಂದು ಚೆನ್ನು ಒಂದೇ ಉಸಿರಿಗೆ ಹೇಳಿದಳು. ದುಗ್ಗಣ್ಣ ಅಲ್ಲೇ ಮರಳಿನ ಮೇಲೆ ಕೂತ. ಆಮೇಲೆ ಎದ್ದು, ಕೈಯಲ್ಲಿದ್ದ ಸುತ್ತಿಗೆಯನ್ನು ಝುಬೈರನಿಗೆ ಕೊಟ್ಟು, ನೆಟ್ಟಗೆ ರೊನಾಲ್ಡನ ಆಫೀಸಿಗೆ ನಡೆದ.

ಆಗಿನ ಕಾನೂನು ಗೊತ್ತಲ್ಲ. ಪಾಸ್‌ಪೋರ್ಟ್ ಇದ್ದರೆ ಸಾಲದು, ಟಿಕೆಟ್ ಇದ್ದರೆ ಸಾಲದು, ದೇಶ ಬಿಟ್ಟು ಹೋಗಲು ಧಣಿಯ ರುಜು ಇರುವ ಎಕ್ಸಿಟ್ ಪರ್ಮಿಟ್ ಬೇಕು. ಅದಿಲ್ಲದಿದ್ದರೆ ವಿಮಾನ ನಿಲ್ದಾಣದ ಗಾಜಿನ ಪೆಟ್ಟಿಗೆಯೊಳಗೆ ಕೂತವನು ನಿಮ್ಮನ್ನು ತಿರುಗಿ ಕಳಿಸುತ್ತಾನೆ. ರೊನಾಲ್ಡ್ ಎಲ್ಲ ಕೇಳಿಸಿಕೊಂಡ. ಅವನ ಕಣ್ಣೂ ಒದ್ದೆಯಾಯಿತು, ಅದು ಸುಳ್ಳಲ್ಲ. ಆದರೆ ಕುರ್ಚಿಯಲ್ಲಿ ಹಿಂದಕ್ಕೆ ಸರಿದು, ಈಗ ಟೈಮ್ ಸರಿಯಿಲ್ಲ ದುಗ್ಗಣ್ಣ ಎಂದ.

ವಿಷಯ ಏನೆಂದರೆ, ಧಣಿ ಗಿಡುಗ ಹಿಡಿದು ಬೇಟೆಯಾಡಲು ಕಜಕಸ್ತಾನಕ್ಕೆ ಹೋಗಿ ಬಂದಿದ್ದ. ಅಲ್ಲಿನ ಹುಲ್ಲುಗಾವಲಿನ ಜನ ಯುರ್ಟ್ ಎಂಬ ಗುಂಡಗಿನ ಮನೆಯಲ್ಲಿ ಇರುತ್ತಾರೆ, ಬಿಚ್ಚಿ ಒಂಟೆಯ ಮೇಲೆ ಹೇರಿದರೆ ಮನೆ ಹೊರಡುತ್ತದೆ, ಇಳಿಸಿ ಕಟ್ಟಿದರೆ ಮನೆ ನಿಲ್ಲುತ್ತದೆ. ಧಣಿ ಅದಕ್ಕೆ ಮರುಳಾಗಿ ಒಂದನ್ನು ಕೊಂಡು ಕಂಟೇನರಿನಲ್ಲಿ ತರಿಸಿದ್ದ. ಗುರುವಾರ ಅವನ ಬೇಟೆಯ ಗೆಳೆಯರು ಬರುವವರು, ಅಷ್ಟರೊಳಗೆ ಅದು ಮರಳಿನ ಮೇಲೆ ನಿಂತಿರಬೇಕು. ಕಟ್ಟುವುದನ್ನು ಬಲ್ಲವರು ಯಾರೂ ಜತೆಗೆ ಬಂದಿರಲಿಲ್ಲ. ಅದಕ್ಕೇನು ಬಲ್ಲವರು ಬೇಕು, ಅಲ್ಲಿ ಚಹಾ ಕುದಿಯುವುದರೊಳಗೆ ಇಬ್ಬರು ಹೆಂಗಸರು ಕಟ್ಟಿ ನಿಲ್ಲಿಸಿದ್ದನ್ನು ನಾನೇ ನೋಡಿದ್ದೇನೆ ಎಂದನಂತೆ ಧಣಿ.

"ಅದನ್ನೊಂದು ಎಬ್ಬಿಸಿ ಕೊಡಿ. ಅರಬಾಬ್ ಖುಷಿಯಲ್ಲಿರ್ತಾರೆ. ಸೈನ್ ನಾನೇ ಹಾಕಿಸಿ ಕೊಡ್ತೇನೆ, ನನ್ನ ಮೇಲೆ ಬಿಡಿ," ಎಂದ ರೊನಾಲ್ಡ್. ಮತ್ತೊಂದು ಮಾತು ಸೇರಿಸಿದ. ಕಿಡ್ನಿ ಕೊಡುವ ಸುದ್ದಿ ಧಣಿಯ ಕಿವಿಗೆ ಬೀಳಬಾರದು. ಹಿಂದೆ ಒಬ್ಬ ಡ್ರೈವರ್ ಹೃದಯದ ಕಾಯಿಲೆ ಎಂದು ಹೇಳಿಕೊಂಡಿದ್ದೇ ತಪ್ಪಾಯಿತು, ಇವನಿನ್ನು ಕೆಲಸಕ್ಕಾಗುವುದಿಲ್ಲ ಎಂದು ವೀಸಾ ರದ್ದು ಮಾಡಿ ಖಲಾಸ್ ಮಾಡಿ ಕಳಿಸಿದ್ದರು. ಒಂದೇ ಕಿಡ್ನಿಯ ಮೇಸ್ತ್ರಿ ಯಾರಿಗೆ ಬೇಕು? ಆಮೇಲೆ ಮಗನ ಮದ್ದಿಗೆ ಏನು ಮಾಡುತ್ತೀರಿ? ಸುಮ್ಮನೆ ರಜೆ ಎಂದು ಕೇಳುವ ಎಂದ.

ದುಗ್ಗಣ್ಣನಿಗೆ ಇದು ಸರಿ ಎನಿಸಿತು. ಅವನ ಜಾಗದಲ್ಲಿ ನೀವಿದ್ದರೂ ಸರಿ ಎನಿಸುತ್ತಿತ್ತು. ಡೇರೆ ಹೊಡೆಯುವುದು ಅವನಿಗೆ ನೀರು ಕುಡಿದ ಹಾಗೆ. ಎರಡು ದಿನದ ಕೆಲಸ, ಗುರುವಾರದ ತನಕ ಯಾಕೆ, ಮೊದಲೇ ಮುಗಿಸಿಬಿಟ್ಟರೆ ಮೊದಲೇ ರುಜು. ಸೋಮವಾರ ಕಟ್ಟಿ ಮಂಗಳವಾರ ಹೊರಡುತ್ತೇನೆ ಎಂದು ಚೆನ್ನುವಿಗೆ ಫೋನಿನಲ್ಲಿ ಹೇಳಿಯೂಬಿಟ್ಟ.

ಕಂಟೇನರ್ ಬಿಚ್ಚಿದರೆ ತಲೆಬುಡ ಅರ್ಥವಾಗಲಿಲ್ಲ. ಕಂಬ ಎಂಬುದೇ ಇಲ್ಲ. ಮೊಳೆ ಇಲ್ಲ, ಬೋಲ್ಟು ಇಲ್ಲ. ತೆಳ್ಳಗಿನ ಮರದ ಪಟ್ಟಿಗಳನ್ನು ಅಡ್ಡಡ್ಡ ಪೋಣಿಸಿ, ಕೂಡಿದಲ್ಲೆಲ್ಲ ತೊಗಲಿನ ಗಂಟು ಹಾಕಿದ ಜಾಲರಿಯ ಕಟ್ಟುಗಳು, ಹಳೇ ಲಿಫ್ಟಿನ ಬಾಗಿಲಿನ ಹಾಗೆ ಎಳೆದರೆ ಅಗಲವಾಗುತ್ತವೆ, ತಳ್ಳಿದರೆ ಮಡಚಿಕೊಳ್ಳುತ್ತವೆ. ಬುಡದಲ್ಲಿ ಬಾಗಿದ ಉದ್ದುದ್ದ ಕೋಲುಗಳ ರಾಶಿ. ನಮ್ಮ ಹಂಚಿನ ಮನೆಯ ಛಾವಣಿ ಹೊರುವ ಪಕ್ಕಾಸಿನ ಕೆಲಸ ಇವುಗಳದ್ದು ಎಂದು ದುಗ್ಗಣ್ಣ ಊಹಿಸಿದ. ಸುತ್ತ ತೂತು ಕೊರೆದ ದೊಡ್ಡದೊಂದು ಮರದ ಬಳೆ, ಅದು ಮನೆಯ ನೆತ್ತಿಯಲ್ಲಿ ಕೂರಬೇಕಾದದ್ದು. ಬಣ್ಣ ಬಳಿದ ಬಾಗಿಲು, ಅದರ ದಾರಂದ, ಎಂದರೆ ಚೌಕಟ್ಟು. ಅಂಗೈ ಅಗಲದ, ನೇಯ್ದ ಉದ್ದನೆಯ ಪಟ್ಟಿಗಳು. ಉಣ್ಣೆಯನ್ನು ನೆನೆಸಿ ತುಳಿದು ಮಾಡಿದ ದಪ್ಪ ಕಂಬಳಿಗಳು, ಕುರಿಯ ವಾಸನೆಯ ಸಮೇತ. ಜಾಲರಿಯ ಗೋಡೆ, ಮೇಲೆ ಬಳೆ, ನಡುವೆ ಪಕ್ಕಾಸು, ಮೇಲೆ ಕಂಬಳಿ, ಇಷ್ಟು ಅವನಿಗೆ ಹೊಳೆಯಿತು. ಹೊಳೆಯದೇ ಇದ್ದದ್ದು ಶುರು ಎಲ್ಲಿಂದ ಎಂಬುದು. ಗುಂಡಗಿನ ಮನೆ! ಅದಕ್ಕೆ ಕನ್ನಿಮೂಲೆ ಎಲ್ಲಿ?

ಬೇರೆ ಯಾವನಾದರೂ ಆಗಿದ್ದರೆ ಎಲ್ಲಿಂದಲೋ ಶುರು ಮಾಡುತ್ತಿದ್ದ. ದುಗ್ಗಣ್ಣ ಹಾಗೆ ಮಾಡುವವನಲ್ಲ, ಅದರಲ್ಲೂ ಮಗನ ಜೀವ ಈ ಮನೆಗೆ ಅಂಟಿಕೊಂಡಿರುವಾಗ. ಮರಳಿನ ಮೇಲೆ ವೃತ್ತ ಎಳೆದ, ಸೂರ್ಯನನ್ನು ನೋಡಿ ನೈಋತ್ಯ ಗುರುತು ಮಾಡಿದ, ಅಲ್ಲಿಗೆ ಎದೆಯೆತ್ತರದ ಕಬ್ಬಿಣದ ಗೂಟ ಹೊಡೆದ. ಮೂಲೆ ಇಲ್ಲದಿದ್ದರೆ ನಾವೇ ಒಂದು ಮಾಡುವ ಎಂದ. ಕೈಮುಗಿದು, ಮಗನ ಹೆಸರು ಹೇಳಿ, ಜಾಲರಿಯ ಮೊದಲ ತುದಿಯನ್ನು ಆ ಗೂಟಕ್ಕೆ ತಂತಿ ಸುತ್ತಿ ಅಲುಗಾಡದ ಹಾಗೆ ಬಿಗಿದ. ಅಲ್ಲಿಂದ ಸುತ್ತ ಎಳೆದುಕೊಂಡು ಹೋಗಿ, ಪೂರ್ವಕ್ಕೆ ಬರುವ ಹಾಗೆ ಬಾಗಿಲನ್ನು ಕೊನೆಗೆ ಸಿಕ್ಕಿಸಿದ.

ಅಲ್ಲೇ ಎಡವಟ್ಟಾದದ್ದು. ಈ ಜಾಲರಿ ಗೋಡೆಗೆ ಒಂದು ಗುಣ ಇದೆ. ಅಗಲ ಮಾಡಿದರೆ ತಗ್ಗುತ್ತದೆ, ಒತ್ತಿದರೆ ಏಳುತ್ತದೆ. ಸುತ್ತಲೂ ಸಮನಾಗಿ ಹಂಚಿಕೊಂಡರೆ ಮಾತ್ರ ಅದು ಮನೆ. ಒಂದು ಕಡೆ ಗೂಟಕ್ಕೆ ಬಿಗಿದದ್ದರಿಂದ ಆ ಪಕ್ಕ ಒತ್ತಿಕೊಂಡು ಎತ್ತರ ನಿಂತಿತು, ಎದುರಿನ ಪಕ್ಕ ಹರಡಿಕೊಂಡು ಕುಸಿಯಿತು. ಬಳೆಯನ್ನು ಕವೆಗೋಲಿನಿಂದ ಎತ್ತಿ ಹಿಡಿದು ಪಕ್ಕಾಸು ಸಿಕ್ಕಿಸಲು ಹೋದರೆ ಒಂದು ಕಡೆಯವು ತಲುಪಲೇ ಇಲ್ಲ, ಇನ್ನೊಂದು ಕಡೆಯವು ಗೇಣುದ್ದ ಹೆಚ್ಚು. ಭಾನುವಾರ ಹೋಯಿತು, ಸೋಮವಾರ ಹೋಯಿತು. ಮಂಗಳವಾರ ಹೊರಡುತ್ತೇನೆ ಎಂದಿದ್ದ ಮನುಷ್ಯ ಮಂಗಳವಾರ ಬೆಳಗ್ಗೆ ಗರಗಸ ತೆಗೆದುಕೊಂಡ. ಗೂಟ ತೆಗೆದು ನೋಡುವ ಎಂದು ಝುಬೈರ್ ಹೇಳಿದ. ಹೇಳದೆ ಇರಲಿಲ್ಲ. ಕನ್ನಿಮೂಲೆ ಕೀಳು ಎನ್ನುತ್ತೀಯಾ, ನನ್ನ ಮನೆ ಹಾಳು ಮಾಡಲಿಕ್ಕೆ ಹುಟ್ಟಿದವನೇ ಎಂದು ದುಗ್ಗಣ್ಣ ಅವನ ಮೇಲೆ ಹರಿಹಾಯ್ದ. ಆ ದೇಶದಲ್ಲಿ ಒಂದು ಕಡ್ಡಿ ಕೂಡ ಸಿಗದ ಮರ ಅದು. ಉದ್ದವಾದ ಪಕ್ಕಾಸುಗಳನ್ನೆಲ್ಲ ಒಂದೊಂದಾಗಿ ಕೊಯ್ದು ಹಾಕಿದ.

ಹೇಗೋ ನಿಂತಿತು. ಒಂದು ಬದಿಗೆ ವಾಲಿ, ಕುಡಿದವನ ಹಾಗೆ. ಮಧ್ಯಾಹ್ನದ ಹೊತ್ತಿಗೆ ಉತ್ತರದ ಗಾಳಿ ಎದ್ದಿತು. ದೊಡ್ಡ ಗಾಳಿಯೂ ಅಲ್ಲ, ನಮ್ಮ ಡೇರೆಗಳು ಪಟಪಟ ಎಂದು ಸುಮ್ಮನಾಗುವಂಥದ್ದು. ಮನೆ ಒಮ್ಮೆ ಕಿರಗುಟ್ಟಿತು, ಬಳೆ ತಿರುಚಿಕೊಂಡಿತು, ಪಕ್ಕಾಸುಗಳು ಬಳಬಳನೆ ಉದುರಿದವು. ಒಳಗಿದ್ದ ಝುಬೈರನ ಹೆಗಲಿಗೆ ಬಳೆಯ ಅಂಚು ಬಡಿಯಿತು. ಅವನನ್ನು ಎಳೆದು ಹಾಕಿ, ಹೆಗಲು ಮುರಿದಿಲ್ಲ ಎಂದು ಖಚಿತ ಮಾಡಿಕೊಂಡ ಮೇಲೆ ದುಗ್ಗಣ್ಣ ತಲೆಯ ಮೇಲೆ ಕೈಹೊತ್ತು ಕೂತುಬಿಟ್ಟ. ನೆಟ್ಟಗೆ ನಿಂತಿದ್ದದ್ದು ಆ ಗೂಟ ಒಂದೇ.

ಹೊತ್ತು ಗೊತ್ತಿಲ್ಲದೆ ಆಗಲೇ ಚೆನ್ನುವಿನ ಫೋನು. ವಿಮಾನ ಹತ್ತಿದಿರಾ ಎಂದು ಕೇಳಿದಳು. ಇವನು ಏನೋ ತಡವರಿಸಿದ. ಅವಳು ಅಳಲಿಲ್ಲ, ಅದೇ ಇವನಿಗೆ ಹೆದರಿಕೆಯಾದದ್ದು. ನಿನ್ನೆಯಿಂದ ಹುಡುಗನಿಗೆ ಚಳಿಜ್ವರ, ನಳಿಗೆಯ ಬುಡ ಕೆಂಪಾಗಿದೆ, ಅಪ್ಪ ಎಲ್ಲಿ ಎಂದು ಡಾಕ್ಟರು ಎರಡು ಸಲ ಕೇಳಿದರು ಎಂದಳು. ಫೋನನ್ನು ಮಗನ ಕಿವಿಗೆ ಹಿಡಿದಳು. ಸುಶಾಂತನ ಸ್ವರ ದೂರದಿಂದ ಬಂದ ಹಾಗಿತ್ತು. "ಅಪ್ಪಾ, ನಂಗೆ ಹೆದರಿಕೆ ಆಗ್ತದೆ. ನೀವು ಬನ್ನಿ," ಎಂದಷ್ಟೇ ಹೇಳಿದ. ತಮಾಷೆ ಇರಲಿಲ್ಲ.

ಅಯ್ಯೋ, ಆ ಅಪ್ಪನ ಅವಸ್ಥೆ ಏನು ಹೇಳಲಿ. ಮರಳಿನಲ್ಲಿ ಕಾಲು ಹೂತು ಬೀಳುತ್ತ ಏಳುತ್ತ ಆಫೀಸಿಗೆ ಓಡಿದ. ರೊನಾಲ್ಡನ ಕೈಹಿಡಿದುಕೊಂಡು, ಈಗಲೇ ಹೋಗಿ ಕೇಳು, ಕಾಲು ಹಿಡಿಯುತ್ತೇನೆ ಎಂದ. ರೊನಾಲ್ಡನ ಮುಖ ಬಿಳಿಚಿತು. ಬಿದ್ದ ಮನೆಯ ಸುದ್ದಿ ಆಗಲೇ ಅವನಿಗೆ ಮುಟ್ಟಿತ್ತು. ಕೋಲು ಕೊಯ್ದದ್ದು ಗೊತ್ತಾದರೆ ನಿಮ್ಮದೊಂದೇ ಅಲ್ಲ, ನನ್ನ ಕೆಲಸವೂ ಹೋಗುತ್ತದೆ, ಹೆಂಡತಿ ಮಕ್ಕಳು ಇಲ್ಲೇ ಇದ್ದಾರೆ, ಮಗಳು ಹತ್ತನೇ ಕ್ಲಾಸು, ಈ ಮುಖ ಹೊತ್ತು ಹೋಗಿ ನಾನು ಯಾವ ಬಾಯಲ್ಲಿ ಎಕ್ಸಿಟ್ ಕೇಳಲಿ ಎಂದ. ಕೆಟ್ಟವನಲ್ಲ ರೊನಾಲ್ಡ್, ಹೆದರಿದವನು. ಹೆದರಿದವನಿಂದ ಆಗುವ ಕೇಡು ಕೆಟ್ಟವನಿಂದಲೂ ಆಗಲಿಕ್ಕಿಲ್ಲ ಎಂದು ನನಗೆ ಎಷ್ಟೋ ಸಲ ಅನಿಸಿದೆ.

ಧಣಿಯ ಮಜಲಿಸ್, ಅಂದರೆ ಅವನು ಜನರನ್ನು ಕೂರಿಸಿಕೊಂಡು ಮಾತಾಡುವ ಚಾವಡಿ, ಆಫೀಸಿನ ಹಿಂದೆಯೇ. ಬಾಗಿಲು ತೆರೆದಿತ್ತು, ಕಾಫಿಯ ಏಲಕ್ಕಿ ವಾಸನೆ ಹೊರಗೆ ಬರುತ್ತಿತ್ತು. ದುಗ್ಗಣ್ಣ ಅದರ ಮುಂದಿನಿಂದಲೇ ನಡೆದು ಹೋದ. ಹೊಸ್ತಿಲ ಹೊರಗಿನ ಚಪ್ಪಲಿಗಳ ರಾಶಿಯ ಹತ್ತಿರ ಒಂದು ಗಳಿಗೆ ನಿಂತ ಕೂಡ. ಆಮೇಲೆ ತನ್ನ ಮೈಮೇಲಿನ ಧೂಳು, ಕೈಯ ಗಾಯ ನೋಡಿಕೊಂಡು, ಮನೆ ಎಬ್ಬಿಸುವುದೇ ದಾರಿ ಎಂದುಕೊಂಡು ಮುಂದೆ ಹೋದ.

ಬುಧವಾರ ಬೆಳಕು ಹರಿಯುವಾಗ ಅವನು ಬಿದ್ದ ಮನೆಯ ಮುಂದೆ ಕೂತು ಒಂದೊಂದೇ ತುಂಡನ್ನು ಕೈಯಲ್ಲಿ ತಿರುಗಿಸಿ ನೋಡಿದ. ಮೊದಲ ದಿನ ಮಾಡಬೇಕಾಗಿದ್ದ ಕೆಲಸ ಅದು. ಜಾಲರಿಯಲ್ಲಿ ತಂತಿ ಬಿಗಿದ ಗುರುತು ಅವನು ಮಾಡಿದ್ದು ಬಿಟ್ಟರೆ ಬೇರೆ ಎಲ್ಲೂ ಇರಲಿಲ್ಲ. ಆದರೆ ಬಾಗಿಲಿನ ದಾರಂದದ ಎರಡೂ ಕಂಬಗಳಲ್ಲಿ, ಸೊಂಟದ ಎತ್ತರದಲ್ಲಿ, ಪಟ್ಟಿ ಸುತ್ತಿ ಸುತ್ತಿ ಮರ ನುಣ್ಣಗೆ ಸವೆದು ಹೋಗಿತ್ತು. ನಮ್ಮಲ್ಲಿ ದಾರಂದ ಕೂರುವುದು ಆಮೇಲೆ. ಇವರಲ್ಲಿ ಮನೆ ಹುಟ್ಟುವುದೇ ಬಾಗಿಲಿನಿಂದ. ಬಾಗಿಲ ಒಂದು ಕಂಬದಿಂದ ಹೊರಟ ಗೋಡೆ ಸುತ್ತಿ ಬಂದು ಇನ್ನೊಂದು ಕಂಬಕ್ಕೆ ಸೇರುತ್ತದೆ, ಆ ನೇಯ್ದ ಪಟ್ಟಿ ಎಲ್ಲವನ್ನೂ ಹೊರಗಿನಿಂದ ಸೊಂಟಕ್ಕೆ ಕಟ್ಟಿದ ಬೈರಾಸು ಟವೆಲಿನ ಹಾಗೆ ತಬ್ಬಿ ಹಿಡಿಯುತ್ತದೆ. ಪಕ್ಕಾಸುಗಳು ಗೋಡೆಯನ್ನು ಹೊರಗೆ ತಳ್ಳುತ್ತವೆ, ಪಟ್ಟಿ ಬಿಡುವುದಿಲ್ಲ. ತಳ್ಳುವುದೂ ಹಿಡಿಯುವುದೂ ಸಮ ಆದಾಗ ಮನೆ ನಿಲ್ಲುತ್ತದೆ. ನೆಲಕ್ಕೆ ನೆಟ್ಟ ಒಂದು ಗೂಟವೂ ಅದಕ್ಕೆ ಬೇಡ, ಇದ್ದರೆ ಅದೇ ಕೊಲ್ಲುತ್ತದೆ.

ದುಗ್ಗಣ್ಣ ಎದ್ದು ಹೋಗಿ ಗೂಟವನ್ನು ಕಿತ್ತ. ಒಂದೇ ಹೆಗಲಿನಲ್ಲಿ ಕೆಲಸಕ್ಕೆ ಬಂದಿದ್ದ ಝುಬೈರ್ ಆ ದಿನ ನಗಲಿಲ್ಲ, ನಾನು ಹೇಳಲಿಲ್ಲವಾ ಎಂದೂ ಅನ್ನಲಿಲ್ಲ. ಗಾಳಿಗೆ ಬೆನ್ನು ಮಾಡಿ ಬಾಗಿಲನ್ನು ತೆಂಕಣಕ್ಕೆ ನಿಲ್ಲಿಸಿದರು. ಯಮನ ದಿಕ್ಕಿಗೆ ಬಾಗಿಲಿಡುವಷ್ಟು ದುಗ್ಗಣ್ಣ ಸೋತಿದ್ದ. ಗೋಡೆಯನ್ನು ಸುತ್ತ ಎಳೆದರು, ಪಟ್ಟಿ ಬಿಗಿದರು, ಹೆಚ್ಚುಕಡಿಮೆ ಇದ್ದಲ್ಲಿ ಕೈಯಿಂದ ಒತ್ತಿದರೆ ಸಾಕು, ಗೋಡೆ ತಾನೇ ಜಾಗ ಮಾಡಿಕೊಂಡು ಕೂರುತ್ತಿತ್ತು. ಕೊಯ್ದ ಪಕ್ಕಾಸುಗಳ ತುದಿಗೆ ಹಳೇ ಡೇರೆಯ ಅಲ್ಯೂಮಿನಿಯಂ ಕೊಳವೆ ತುರುಕಿ, ಉದ್ದ ಕೂಡಿಸಿ, ಮೇಲೆ ಬಟ್ಟೆ ಸುತ್ತಿದರು. ಬಳೆಯನ್ನು ಎತ್ತಿ ಎದುರುಬದುರಿನಿಂದ ಒಂದೊಂದೇ ಪಕ್ಕಾಸು ಸಿಕ್ಕಿಸುತ್ತ ಹೋದಂತೆ, ನಡುವೆ ಕಂಬವೇ ಇಲ್ಲದೆ ಅದು ಆಕಾಶದಲ್ಲಿ ನಿಂತಿತು. ದುಗ್ಗಣ್ಣ ಏಣಿಯಿಂದ ಬಳೆಗೆ ಕೈಹಾಕಿ, ಏಣಿ ತೆಗೆ ಎಂದು ಜೋತುಬಿದ್ದ. ಒಂದು ಕೂದಲೆಳೆ ಅಲುಗಲಿಲ್ಲ. ಇಳಿದವನ ಕಣ್ಣಲ್ಲಿ ನೀರು ಬಳಬಳ ಸುರಿಯುತ್ತಿತ್ತು. ಚಪ್ಪರ ಹಾಕಿ ಬದುಕಿದ ಮನುಷ್ಯ. ಇಷ್ಟು ಚಂದದ ಕೆಲಸ ಅವನು ಅದುವರೆಗೆ ಮಾಡಿರಲಿಲ್ಲ, ಅದನ್ನು ನೋಡಿ ಸಂತೋಷಪಡುವ ಯೋಗವೂ ಇರಲಿಲ್ಲ.

ಸಂಜೆ ಹೊತ್ತಿಗೆ ಕಂಬಳಿ ಹೊದೆಸಿ, ಹಗ್ಗ ಬಿಗಿದು ಮುಗಿಸಿದರು. ರೊನಾಲ್ಡ್ ಬಂದು ಸುತ್ತ ತಿರುಗಿ ನೋಡಿ ಉಸಿರು ಬಿಟ್ಟ. ಈಗ ಹೋಗಿ ಕೇಳು ಎಂದ ದುಗ್ಗಣ್ಣ. ಧಣಿ ದೋಹಾಕ್ಕೆ ಹೋಗಿದ್ದಾರೆ, ನಾಳೆ ಬಂದು ನೋಡಲಿ, ನೋಡಿದ ಗಳಿಗೆಯಲ್ಲೇ ಕೇಳುತ್ತೇನೆ, ಏಸುವಿನಾಣೆ ಎಂದ ರೊನಾಲ್ಡ್. ಊರಿಗೆ ಫೋನು ಮಾಡಿದರೆ ಸುಶಾಂತನನ್ನು ಐಸಿಯುಗೆ ಹಾಕಿದ್ದಾರೆ, ಜ್ವರ ಇಳಿಯಲಿಲ್ಲ ಎಂದಳು ಚೆನ್ನು. ನಾಳೆ ಹೊರಡುತ್ತೇನೆ ಎಂದ ಇವನು. ಅವಳು ಹೂಂ ಎಂದಳು.

ಗುರುವಾರ ಮಧ್ಯಾಹ್ನದ ನಮಾಜು ಕಳೆದ ಮೇಲೆ ಧಣಿ ಬಂದ. ಅತಿಥಿಗಳು ಇನ್ನೂ ದಾರಿಯಲ್ಲಿದ್ದರು. ಮಾಶಾ ಅಲ್ಲಾ, ಮಾಶಾ ಅಲ್ಲಾ ಎನ್ನುತ್ತ ಗೋಡೆ ಮುಟ್ಟಿದ, ಒಳಗೆ ಹೋಗಿ ತಲೆಯೆತ್ತಿ ಬಳೆಯೊಳಗಿನ ಆಕಾಶ ನೋಡಿದ, ಮಗುವಿನ ಹಾಗೆ ನಕ್ಕ. ಕಟ್ಟಿದವನು ಯಾರು ಎಂದು ಕೇಳಿ ದುಗ್ಗಣ್ಣನ ಹೆಗಲು ತಟ್ಟಿದ. ದುಗ್ಗಣ್ಣ ರೊನಾಲ್ಡನ ಮುಖ ನೋಡಿದ. ರೊನಾಲ್ಡ್ ಬಾಯಿ ತೆರೆದ. ಧಣಿ ಗಡಿಯಾರ ನೋಡಿಕೊಂಡು ಕಾಫಿ ಎಲ್ಲಿ, ರತ್ನಗಂಬಳಿ ಎಲ್ಲಿ ಎಂದು ಗದರಿದ. ರೊನಾಲ್ಡ್ ಬಾಯಿ ಮುಚ್ಚಿದ. ಆಮೇಲೆ, ಅತಿಥಿಗಳು ಹೋದ ಮೇಲೆ ಎಂಬ ಹಾಗೆ ದುಗ್ಗಣ್ಣನಿಗೆ ಕಣ್ಸನ್ನೆ ಮಾಡಿದ.

ದುಗ್ಗಣ್ಣನೊಳಗೆ ಏನೋ ಹರಿದುಹೋಯಿತು. ಕಾರಿನ ಕಡೆ ಹೊರಟಿದ್ದ ಧಣಿಯ ಮುಂದೆ ಹೋಗಿ ಅಡ್ಡ ನಿಂತ. ಇಷ್ಟು ವರ್ಷದಲ್ಲಿ ಕಲಿತದ್ದು ನಾಲ್ಕೇ ಅರಬಿ ಮಾತು. "ಅರಬಾಬ್, ಅನಾ ವಲದ್ ವಾಜಿದ್ ಮರೀಜ್," ಎಂದ, ನನ್ನ ಮಗನಿಗೆ ತುಂಬ ಕಾಯಿಲೆ ಎಂದು. ಮುಂದಿನದಕ್ಕೆ ಮಾತು ಸಿಗಲಿಲ್ಲ. ಅಂಗಿ ಎತ್ತಿ ಬೆನ್ನಿನ ಪಕ್ಕ ತೋರಿಸಿದ, ಕತ್ತಿಯಿಂದ ಕೊಯ್ಯುವ ಹಾಗೆ ಬೆರಳಾಡಿಸಿದ, ಅಲ್ಲಿಂದ ಏನನ್ನೋ ತೆಗೆದು ಎರಡೂ ಕೈಯಲ್ಲಿ ದೂರ ಚಾಚಿದ. ಆ ಚಾಚಿದ ಕೈಗಳ ಜತೆಗೇ ಮರಳಿನ ಮೇಲೆ ಮಂಡಿಯೂರಿದ.

ಧಣಿ ಅವನನ್ನು ರಟ್ಟೆ ಹಿಡಿದು ಎಬ್ಬಿಸಿದ. ಏನಿದು ಎಂದು ರೊನಾಲ್ಡನ ಕಡೆ ತಿರುಗಿದ. ರೊನಾಲ್ಡ್ ಹೇಳಿದ, ಈ ಸಲ ಎಲ್ಲ ಹೇಳಿದ. ಯಾವಾಗಿನಿಂದ ಎಂದು ಧಣಿ ಕೇಳಿದ. ಶನಿವಾರದಿಂದ ಎಂದಾಗ ಅವನ ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಅರ್ಥವಾಗದ ಭಾವ ಇತ್ತು. "ಲೇಶ್ ಮಾ ಗಿಲ್ತ್?" ಎಂದು ದುಗ್ಗಣ್ಣನನ್ನೇ ಕೇಳಿದ. ಯಾಕೆ ಹೇಳಲಿಲ್ಲ? ಉತ್ತರಕ್ಕೆ ಕಾಯದೆ ಆಫೀಸಿನಿಂದ ಪರ್ಮಿಟ್ಟಿನ ಕಾಗದ ತರಿಸಿ, ಕಾರಿನ ಬಾನೆಟ್ಟಿನ ಮೇಲಿಟ್ಟು ರುಜು ಹಾಕಿದ. ಇವತ್ತಿನ ವಿಮಾನಕ್ಕೇ ಇವನನ್ನು ಹತ್ತಿಸು, ಟಿಕೆಟ್ ನನ್ನದು, ಯಲ್ಲಾ, ಬೇಗ ಎಂದ. ರುಜು ಹಾಕುವುದಕ್ಕೆ ಹಿಡಿದದ್ದು ಪೆನ್ನಿನ ಮುಚ್ಚಳ ತೆಗೆದು ಹಾಕುವಷ್ಟು ಹೊತ್ತು.

ದುಗ್ಗಣ್ಣ ಕಾಗದ ಕೈಯಲ್ಲಿ ಹಿಡಿದು ಅಲ್ಲೇ ನಿಂತು ಊರಿಗೆ ಫೋನು ಮಾಡಿದ. ಪರ್ಮಿಟ್ ಸಿಕ್ಕಿತು, ಬೆಳಗಾಗುವುದರೊಳಗೆ ಬಂದು ಮುಟ್ಟುತ್ತೇನೆ, ಡಾಕ್ಟರಿಗೆ ಹೇಳು ಎಂದು ಏದುಸಿರಿನಲ್ಲಿ ಹೇಳಿದ.

"ಇನ್ನು ಗಡಿಬಿಡಿ ಮಾಡ್ಬೇಡಿ," ಎಂದಳು ಚೆನ್ನು. "ನಿಧಾನ ಬನ್ನಿ. ನೀವು ಬರುವ ತನಕ ಇಟ್ಟುಕೊಳ್ತೇವೆ."

ಸುಶಾಂತ್ ಆ ಮಧ್ಯಾಹ್ನ ಊಟದ ಹೊತ್ತಿಗೆ ತೀರಿಹೋಗಿದ್ದ. ನಂಜು ರಕ್ತಕ್ಕೆ ಏರಿತ್ತು.

ದುಗ್ಗಣ್ಣ ಅಳಲಿಲ್ಲ. ಅವನ ಕೈಯಿಂದ ಫೋನು ಜಾರಿದ್ದನ್ನು ನೋಡಿಯೇ ಝುಬೈರನಿಗೆ ಗೊತ್ತಾಯಿತು, ಅವನು ಬಂದು ತಬ್ಬಿಕೊಂಡ. ಅತಿಥಿಗಳ ಕಾರುಗಳು ಧೂಳೆಬ್ಬಿಸುತ್ತ ಬಂದು ನಿಂತವು. ಧಣಿ ಅವರನ್ನು ಬಾಗಿಲ ಹತ್ತಿರ ಬರಮಾಡಿಕೊಳ್ಳುತ್ತಿದ್ದ, ಅವನಿಗಿನ್ನೂ ಸುದ್ದಿ ತಿಳಿದಿರಲಿಲ್ಲ. ರೊನಾಲ್ಡ್ ಮಾತ್ರ ಮರಳಿನ ಮೇಲೆ ಕುಕ್ಕರಿಸಿ ಮುಖ ಮುಚ್ಚಿಕೊಂಡು ಬಿಕ್ಕಿದ. ಕ್ಷಮಿಸಿ ಎಂದನೋ, ದೇವರೇ ಎಂದನೋ, ಕೊಂಕಣಿಯಲ್ಲಿ ಏನೋ ಅನ್ನುತ್ತಿದ್ದ.

ದುಗ್ಗಣ್ಣ ಅವನ ಹತ್ತಿರ ಬಂದು ನಿಂತ. ಬೈಯುತ್ತಾನೆ, ಹೊಡೆಯುತ್ತಾನೆ ಎಂದು ಝುಬೈರ್ ಹೆದರಿದ್ದ. ಪ್ರಪಂಚಕ್ಕೆಲ್ಲ ಬೈಯುವ ಆ ಮನುಷ್ಯ ಆ ದಿನ ಸ್ವರ ಕೂಡ ಏರಿಸಲಿಲ್ಲ.

"ಕೇಳಿದ ಕೂಡ್ಲೇ ಕೊಟ್ರಲ್ಲ ರೊನಾಲ್ಡ್," ಎಂದ. "ಕೇಳಿದ ಕೂಡ್ಲೇ ಕೊಟ್ರು."

ಆಮೇಲೆ ಪರ್ಮಿಟ್ಟನ್ನು ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡು, ಬಟ್ಟೆ ತುಂಬಿಕೊಳ್ಳಲು ರೂಮಿನ ಕಡೆ ನಡೆದ.